ಉಣ್ಣುವ ಮೊದಲು ಜಂತೆ ಎಣಿಸಿದವಳು

ಸೌಜನ್ಯಾಳ ಮನೆಯಿಂದ ಊಟಕ್ಕೆ ಕರೆ ಬಂದರೆ ಲಂಡನ್ನಿನ ನಮ್ಮ ಕ್ವೀನ್ಸ್‌ಬರಿಯ ಹಳಬರು ಮನೆಯಲ್ಲೇ ಒಂದು ಬಾಳೆಹಣ್ಣು ತಿಂದು ಹೊರಡುತ್ತಾರೆ. ಆ ಮನೆಯಲ್ಲಿ ಹೊಸ್ತಿಲು ದಾಟಿದ ಕೂಡಲೇ ಚಹಾ ಬರುವುದಿಲ್ಲ. ಒಲೆ ತಣ್ಣಗಿರುತ್ತದೆ. ಅವಳು ಮೊದಲು ಕಂಪ್ಯೂಟರಿನ ಮುಂದೆ ಕೂರಿಸುತ್ತಾಳೆ, ಅದರಲ್ಲಿ ಏನೇನು ಹುಳುಕಿದೆ ಎಂದು ಬಾಯಿ ಬಿಡಿಸುತ್ತಾಳೆ, ಮನಸಾರೆ ಬೈಸಿಕೊಳ್ಳುತ್ತಾಳೆ, ಆಮೇಲೆ ರೊಟ್ಟಿಯ ಹಂಚು ಇಡುತ್ತಾಳೆ. ಹೊಸಬರು ಇದೆಂಥ ಜಿಪುಣತನ ಎಂದು ಮುಖ ಹುಳ್ಳಗೆ ಮಾಡುತ್ತಾರೆ. ಅವಳ ಪಕ್ಕದ ಮನೆಯಲ್ಲಿದ್ದು ಬ್ಲೌಸ್ ಹೊಲಿಯುವ ನಾನು, ಹುಬ್ಬಳ್ಳಿಯ ವಿಜಯಾ, ಅಂಥವರಿಗೆಲ್ಲ ಈ ಕಥೆ ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಬಿಡುತ್ತಿದ್ದೇನೆ.

ಸೌಜನ್ಯಾ ಧಾರವಾಡದ ಹುಡುಗಿ. ಅಪ್ಪ ವೀರಣ್ಣನವರದು ಸೈಕಲ್ ರಿಪೇರಿ ಅಂಗಡಿ. ಅವಳು ಓದಿದ್ದು ಗೃಹವಿಜ್ಞಾನ. ಅಡುಗೆ ಕಲಿಯಲು ಕಾಲೇಜು ಯಾಕೆ ಬೇಕು ಎಂದು ಬಂಧುಗಳೆಲ್ಲ ನಕ್ಕಿದ್ದರಂತೆ. ಆದರೆ ಅವಳಿಗೆ ಅಲ್ಲಿ ಹಿಡಿಸಿದ್ದು ಅಡುಗೆಯಲ್ಲ, ಅಡುಗೆಮನೆ. ಒಲೆಯಿಂದ ನೀರಿನ ಕೊಡಕ್ಕೆ ಹೆಂಗಸು ಎಷ್ಟು ಓಡಾಡುತ್ತಾಳೆ, ಯಾವ ಡಬ್ಬಿಗೆ ಕೈ ಎಟುಕದೆ ಗೊಣಗುತ್ತಾಳೆ ಎಂದು ಸುಮ್ಮನೆ ಕೂತು ನೋಡಿ, ಆಮೇಲೆ ಅಡುಗೆಮನೆ ಹೇಗಿದ್ದರೆ ಚೆನ್ನ ಎಂದು ಚಿತ್ರ ಬಿಡಿಸುವ ಪಾಠವೊಂದಿತ್ತು. ಅದನ್ನು ಕಲಿತ ಸಂಜೆಯೇ ಮನೆಗೆ ಬಂದು ಅವ್ವನ ಉಪ್ಪಿನ ಭರಣಿಯನ್ನು ಒಲೆಯ ಬಲಕ್ಕೆ ಸರಿಸಿದಳು. ಅವ್ವ ವಾರವಿಡೀ ಎಡಕ್ಕೇ ಕೈ ಚಾಚಿ ಮಗಳನ್ನು ಶಪಿಸಿದರು. ಅವ್ವ ಎಡಗೈಯವರೆಂಬುದನ್ನು ಸೌಜನ್ಯಾ ಹುಟ್ಟಿದಾಗಿನಿಂದ ನೋಡಿದ್ದಳು, ಲೆಕ್ಕಕ್ಕೆ ಮಾತ್ರ ಹಿಡಿದಿರಲಿಲ್ಲ. ಭರಣಿ ಮತ್ತೆ ತನ್ನ ಜಾಗಕ್ಕೆ ಹೋಯಿತು.

ತೊಂಬತ್ತಾರರಲ್ಲಿ ಅವಳು ರುದ್ರೇಶನನ್ನು ಮದುವೆಯಾಗಿ ಲಂಡನ್ನಿಗೆ ಬಂದಳು. ರುದ್ರೇಶ ಟ್ಯೂಬ್ ರೈಲಿನ ಸಿಗ್ನಲ್ ರಿಪೇರಿಯವನು. ಮಾತು ಕಡಿಮೆ, ಹಸಿವು ಜಾಸ್ತಿ, ಒಳ್ಳೆಯ ಮನುಷ್ಯ. ಅವಳಿಗೆ ಮೊದಲು ಸಿಕ್ಕಿದ್ದು ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ಕೂರುವ ಕೆಲಸ. ಮೂರನೇ ವಾರಕ್ಕೆ ಮಾಲೀಕನಿಗೆ ಹೇಳದೆ ಬೇಳೆಯ ಚೀಲಗಳ ಜಾಗ ಬದಲಿಸಿದಳು. ಅವನು ಕೂಗಾಡಿದ, ಎರಡು ದಿನ ಸುಮ್ಮನಿದ್ದ, ಆಮೇಲೆ ಎಣ್ಣೆಯ ಡಬ್ಬಗಳನ್ನು ಎಲ್ಲಿಡಲಿ ಎಂದು ಅವಳನ್ನೇ ಕೇಳಿದ. ನಮ್ಮ ಪರಿಚಯವಾದದ್ದು ಆ ಅಂಗಡಿಯಲ್ಲೇ. ಸಾಸಿವೆ ಎಲ್ಲಿ ಎಂದು ನಾನು ಕೇಳುವ ಮೊದಲೇ ಸಾಸಿವೆ ನನ್ನ ಮೂಗಿನ ಕೆಳಗಿತ್ತು.

ಎರಡು ಸಾವಿರದ ಇಸವಿಯಲ್ಲಿ ಅವಳು ಇಗ್ನೇಷಿಯಸ್ ಅವರ ಕಂಪನಿ ಸೇರಿದಳು. ಇಗ್ನೇಷಿಯಸ್ ಶಿರ್ವದ ಕಡೆಯವರು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕರಾವಳಿಯ ಕನ್ನಡ. ಸ್ಟ್ರಾಟ್‌ಫರ್ಡಿನ ಹಳೆಯ ಗೋದಾಮೊಂದರ ಮಹಡಿಯಲ್ಲಿ ಎಂಟು ಹತ್ತು ಜನರನ್ನು ಇಟ್ಟುಕೊಂಡು ಅಂಗಡಿ ಮುಂಗಟ್ಟುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ಟ್ಯೂಬ್ ರೈಲಿನ ಜುಬಿಲಿ ಲೈನಿನಲ್ಲಿ ಈ ತುದಿಯಿಂದ ಆ ತುದಿಯವರೆಗೆ ಕೂತು ಹೋಗುವ ಕೆಲಸ ಎಂದು ಸೌಜನ್ಯಾ ಖುಷಿಪಟ್ಟಳು. ಕೆಲಸವೇನೆಂದರೆ ಫೋನ್ ಎತ್ತುವುದು. ವೆಬ್‌ಸೈಟಿನಲ್ಲಿ ದಾರಿ ತಪ್ಪಿದವರು ಫೋನ್ ಮಾಡಿ ಎಲ್ಲಿ ಒತ್ತಲಿ ಎಂದು ಕೇಳಿದರೆ ಹೇಳಬೇಕು. ಕೆಲವರು ಅಳುತ್ತಿದ್ದರು, ಹೆಚ್ಚಿನವರು ಬೈಯುತ್ತಿದ್ದರು. ಪ್ರೋಗ್ರಾಂ ಬರೆಯುವ ಹುಡುಗರು ಅಂಥವರನ್ನು ದಡ್ಡರೆಂದರೆ ಇವಳಿಗೆ ಮೈ ಉರಿಯುತ್ತಿತ್ತು. ಅವ್ವನ ಎಡಗೈ ಅವಳಿಗೆ ಮರೆತಿರಲಿಲ್ಲ.

ಹೀಗೆ ನಾಲ್ಕು ವರ್ಷ ಬೈಸಿಕೊಂಡ ಮೇಲೆ, ಜನ ಎಲ್ಲಿ ಎಡವುತ್ತಾರೆಂದು ಆ ಆಫೀಸಿನಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಎರಡು ಸಾವಿರದ ನಾಲ್ಕರ ಕೊನೆಗೆ ದೊಡ್ಡ ಗಿರಾಕಿ ಬಂತು. ವಾಯವ್ಯ ಲಂಡನ್ನಿನಲ್ಲಿ ಹಲವು ಔಷಧ ಅಂಗಡಿಗಳಿದ್ದ ಇಬ್ಬರು ಅಣ್ಣತಮ್ಮಂದಿರು. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ತಿಂಗಳು ತಿಂಗಳು ಅದೇ ಮಾತ್ರೆ ಬೇಕೆಂದು ಅಂಗಡಿಗೆ ಬಂದು ಚೀಟಿ ಕೊಟ್ಟು, ಮತ್ತೆ ಬಂದು ಸಾಲಿನಲ್ಲಿ ನಿಂತು ಒಯ್ಯುತ್ತಾರೆ. ಅದನ್ನು ಮನೆಯಿಂದಲೇ ಕಂಪ್ಯೂಟರಿನಲ್ಲಿ ತಿಳಿಸುವಂತೆ ಮಾಡಿಕೊಡಬೇಕು. ಇಗ್ನೇಷಿಯಸ್ ಸೌಜನ್ಯಾಳನ್ನು ಫೋನಿನ ಕುರ್ಚಿಯಿಂದ ಎಬ್ಬಿಸಿ ಯೋಜನೆ ಹಾಕುವ ಕೆಲಸಕ್ಕೆ ಕೂರಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಯೂಸರ್ ಎಕ್ಸ್‌ಪೀರಿಯನ್ಸ್ ಸ್ಟ್ರಾಟಜಿ.

ಅಷ್ಟುದ್ದದ ಹೆಸರು ಕೇಳಿ ನನಗೆ ಗಾಬರಿಯಾಗಿತ್ತು. ಅವಳು ನನ್ನ ಹೊಲಿಗೆ ಮಶೀನಿನ ಪಕ್ಕ ಕೂತು ಬಿಡಿಸಿ ಹೇಳಿದಳು. ಮದುವೆ ಊಟದ ಲೆಕ್ಕವೇ ಅಂತೆ. ಅಡುಗೆಗೆ ಇಳಿಯುವ ಮೊದಲು ಯಾರು ಬರುತ್ತಾರೆ, ಹಲ್ಲಿಲ್ಲದವರೆಷ್ಟು, ಮೊದಲು ಏನು ಬಡಿಸಬೇಕು, ಏನನ್ನು ಮಾಡಲೇಬಾರದು ಎಂದು ಕೂತು ಯೋಚಿಸುವುದು. ಮಾಡಲೇಬಾರದ್ದನ್ನು ತೀರ್ಮಾನಿಸುವುದೇ ಕಷ್ಟ ಎಂದಳು. ಅಂಗಡಿಯ ಅಣ್ಣತಮ್ಮಂದಿರಿಗೆ ಎಲ್ಲವೂ ಬೇಕಿತ್ತು. ಆರೋಗ್ಯದ ಕಿವಿಮಾತು, ತೂಕದ ಲೆಕ್ಕ, ಡಾಕ್ಟರಿಗೆ ಪ್ರಶ್ನೆ, ಹಬ್ಬದ ಶುಭಾಶಯ ಎಂದು ಒಂದು ಡಜನ್ ಸೌಲಭ್ಯ ಹೇಳಿದ್ದರು. ಅವುಗಳಲ್ಲಿ ಜನಕ್ಕೆ ಯಾವುದು ಬೇಕು ಎಂದು ಇವಳು ಕಂಡುಕೊಳ್ಳಬೇಕು. ಲಂಡನ್ನಿನಲ್ಲಿ ನನ್ನದೇ ಅನ್ನುವ ಕೆಲಸ ಇದೊಂದೇ ವಿಜಯಕ್ಕಾ ಎಂದು ಅವಳು ಅಂದದ್ದು ನನಗೆ ನೆನಪಿದೆ. ಹಾಗೆ ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು, ನನಗೂ ಹೆಮ್ಮೆಯಾಯಿತು.

ಕೇಳುವುದಾದರೆ ಮಾತ್ರೆ ನುಂಗುವವರನ್ನೇ ಕೇಳಬೇಕಲ್ಲ. ಒಂದು ಭಾನುವಾರ ನಮ್ಮ ಕಡೆಯ ಹಿರಿಯರನ್ನೆಲ್ಲ ಮನೆಗೆ ಕರೆದಳು. ಕರೆದ ಮೇಲೆ ಉಣಿಸದೆ ಇರಲಿಕ್ಕಾಗುತ್ತದೆಯೇ? ಅವಳ ಅತ್ತೆ ರತ್ನವ್ವ ವಿಜಯಪುರದವರು, ಮಗನ ಜೊತೆ ಇರಲು ಬಂದು ಆಗ ಎರಡು ವರ್ಷವಾಗಿತ್ತು. ಮನೆಗೆ ಬಂದವರು ತೇಗದೆ ಹೋದರೆ ಅವರಿಗೆ ಆ ದಿನ ನಿದ್ದೆ ಬರುವುದಿಲ್ಲ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕೆನೆಮೊಸರು. ನಾನು ಮಿರ್ಚಿ ಭಜಿಯ ಎಣ್ಣೆ ಬಾಣಲೆಯ ಮುಂದೆ ನಿಂತಿದ್ದೆ. ಉಂಡು ಎಲೆಯಡಿಕೆ ಹಾಕಿಕೊಂಡ ಮೇಲೆ, ಆಫೀಸಿನ ಹುಡುಗರು ಮಾಡಿಕೊಟ್ಟಿದ್ದ ವೆಬ್‌ಸೈಟಿನ ಮಾದರಿ ನೋಡಲು ಒಬ್ಬೊಬ್ಬರಾಗಿ ಕಂಪ್ಯೂಟರಿನ ಮುಂದೆ ಕೂತರು.

ಅಡುಗೆಮನೆಗೆ ನನಗೆ ಕೇಳಿಸುತ್ತಿದ್ದುದು ಒಂದೇ ಮಾತು. ಛಲೋ ಐತಿ. ಪಾರ್ವತೆವ್ವ ಕೂತರು, ಛಲೋ ಐತಿ. ಶಾಂತಪ್ಪನವರು ಕೂತರು, ಭಾಳ ಛಲೋ ಐತಿ. ಬಸವಂತಪ್ಪ ಕಾಕಾ ಕೂತರು. ಇವರು ಲಂಡನ್ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಮುಖ ನೋಡಿಯೇ ಟಿಕೆಟ್ ಇಲ್ಲದವನನ್ನು ಹಿಡಿಯುತ್ತಿದ್ದರಂತೆ, ನಾಲಿಗೆ ಕತ್ತರಿಯಂತೆ. ಅವರಾದರೂ ಏನಾದರೂ ಅಂದಾರು ಎಂದು ನಾನು ಸೌಟು ಹಿಡಿದು ಇಣುಕಿದೆ. ಕಾಕಾ ಹೊಟ್ಟೆ ಸವರಿಕೊಂಡು, ಪರದೆಯನ್ನು ಮದುವೆಯ ಫೋಟೊ ನೋಡಿದಂತೆ ನೋಡಿ, ಇಂಥಾದ್ದು ಆಗಬೇಕಿತ್ತು ನೋಡವಾ ಎಂದರು. ಒಂದು ಡಜನ್ ಸೌಲಭ್ಯದಲ್ಲಿ ಯಾವುದು ಬೇಡ ಎಂದು ಸೌಜನ್ಯಾ ಕೇಳಿದಳು. ಯಾವುದೂ ಬೇಡವಾಗಿರಲಿಲ್ಲ, ಎಲ್ಲವೂ ಬೇಕಿತ್ತು. ಇಲ್ಲಿ ಒತ್ತಿರಿ ಎಂದು ಅವಳೇ ಬೆರಳು ತೋರಿಸುತ್ತಿದ್ದಳು, ಅವರು ಒತ್ತುತ್ತಿದ್ದರು.

ಅವಳು ಆನಂದದಿಂದ ಯೋಜನೆ ಬರೆದಳು. ಹಿರಿಯರಿಗೆ ಇದು ಸುಲಭ, ಎಲ್ಲ ಸೌಲಭ್ಯವೂ ಬೇಕು ಎಂದು. ಇಗ್ನೇಷಿಯಸ್ ಬೆನ್ನು ತಟ್ಟಿದರು. ಅಣ್ಣತಮ್ಮಂದಿರು ಎರಡು ಸಾವಿರದ ಐದರ ವಸಂತದಲ್ಲಿ ಕ್ವೀನ್ಸ್‌ಬರಿಯ ಅಂಗಡಿಯಲ್ಲಿ ಪರೀಕ್ಷೆಗೆಂದು ಅದನ್ನು ಶುರು ಮಾಡಿದರು. ಬಾಗಿಲಿಗೆ ಬಣ್ಣದ ಚಿತ್ರ ಅಂಟಿಸಿದರು, ಮನೆಮನೆಗೆ ಕಾಗದ ಹಾಕಿದರು.

ಯಾರೂ ಬರಲಿಲ್ಲ. ತಿಂಗಳಾಯಿತು. ವೆಬ್‌ಸೈಟಿನಲ್ಲಿ ನೊಣ ಹೊಡೆಯುವವರೂ ಇಲ್ಲ. ಅಂಗಡಿಯಲ್ಲಿ ಸಾಲು ಮಾತ್ರ ಹಿಂದಿನಷ್ಟೇ ಉದ್ದ. ಒಂದು ಗುರುವಾರ ಸೌಜನ್ಯಾ ರಜೆ ಹಾಕಿ ಏನಾಗಿದೆ ನೋಡೋಣ ಎಂದು ಅಂಗಡಿಗೆ ಹೋದಳು, ಜೊತೆಗೆ ನಾನೂ ಹೋದೆ. ಸಾಲಿನ ನಡುವೆ ನಮ್ಮ ಬಸವಂತಪ್ಪ ಕಾಕಾ ನಿಂತಿದ್ದರು. ಅವರ ಹಿಂದೆ ಪಾರ್ವತೆವ್ವ, ಅವರ ಹಿಂದೆ ಶಾಂತಪ್ಪ. ನಮ್ಮನ್ನು ಕಂಡು ಮೂವರೂ ಟೂತ್‌ಪೇಸ್ಟಿನ ಕಪಾಟನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮನೆಯ ಕಂಪ್ಯೂಟರು ಕೆಟ್ಟಿದೆ ಎಂದು ಕಾಕಾ ಗೊಣಗಿದರು. ಪಾರ್ವತೆವ್ವನದೂ ಕೆಟ್ಟಿತ್ತು. ಶಾಂತಪ್ಪನವರದು ಅಂದು ಬೆಳಿಗ್ಗೆಯೇ ಕೆಟ್ಟಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಕೈಯ ಭಜಿ ತಿಂದು ಅಷ್ಟು ಸಲೀಸಾಗಿ ಸುಳ್ಳು ಹೇಳಿದರಲ್ಲ ಎಂದು ದಾರಿಯುದ್ದಕ್ಕೂ ಬೈದೆ. ಸೌಜನ್ಯಾ ಬೈಯಲಿಲ್ಲ, ಮನೆಗೆ ಬಂದು ಕೋಟು ಬಿಚ್ಚದೆ ಕೂತು ಅತ್ತಳು. ಹಿಂದಿನ ದಿನವೇ ಇಗ್ನೇಷಿಯಸ್ ಅವಳನ್ನು ಒಳಗೆ ಕರೆದಿದ್ದರು. ಅವರು ಮೃದು ಮನುಷ್ಯ, ಮಾತು ಮೃದುವಾಗಿಯೇ ಇತ್ತು.

“ನನಗೆ ನಿಮ್ಮ ಮೇಲೆ ಎಂತ ಬೇಜಾರೂ ಇಲ್ಲ, ಸೌಜನ್ಯಾ. ಆದ್ರೆ ಅಂಗಡಿಯವ್ರು ಹೊರಗಿನ ಕನ್ಸಲ್ಟೆಂಟ್‌ನ ತಕೊಳ್ಳಿ ಅಂತ ಹೇಳ್ತಿದ್ದಾರೆ. ಇನ್ನೊಂದು ಪ್ಲಾನ್ ಮಾಡಿ ತನ್ನಿ. ಅದೂ ಆಗದಿದ್ರೆ ನೀವು ವಾಪಸ್ ಫೋನಿಗೇ ಹೋಗಬೇಕಾಗ್ತದೆ.”

ಫೋನ್ ಎತ್ತುವುದು ಅವಮಾನವಲ್ಲ, ಅವಳೂ ಹಾಗೆ ತಿಳಿದವಳಲ್ಲ. ಆದರೆ ಒಮ್ಮೆ ಎದ್ದ ಕುರ್ಚಿಗೆ ಸೋತು ಮರಳುವುದು ಬೇರೆ. ಆ ಹುಡುಗರ ಮುಂದೆ ಮತ್ತೆ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಕೂರಬೇಕಲ್ಲ ಎಂದು ಅವಳು ಕುಗ್ಗಿದ್ದಳು. ಇನ್ನೊಂದು ಪ್ಲಾನಿಗಾದರೂ ಯಾರನ್ನು ಕೇಳುವುದು? ಕೇಳಿದರೆ ಮತ್ತೆ ಛಲೋ ಐತಿ.

ಅದೇ ವಾರ ವಿಜಯಪುರದಿಂದ ಫೋನ್ ಬಂತು. ರತ್ನವ್ವನ ಅಣ್ಣನ ಮೊಮ್ಮಗಳಿಗೆ ಸ್ಟ್ಯಾನ್ಮೋರಿನ ವರನೊಬ್ಬ ಗೊತ್ತಾಗುವಂತಿದ್ದ. ಫೋಟೊ ಚೆನ್ನಾಗಿದೆ, ಮಾತೂ ಚೆನ್ನಾಗಿದೆ, ಲಂಡನ್ನಿನಲ್ಲಿರುವ ನೀವು ಒಮ್ಮೆ ಹೋಗಿ ಮನೆ ನೋಡಿ ಹೇಳಿ ಎಂದು. ರತ್ನವ್ವ ಹೊರಟರು. ಹಿರಿಯರೊಬ್ಬರು ಇರಲಿ ಎಂದು ಬಸವಂತಪ್ಪ ಕಾಕಾನನ್ನು ಕರೆದರು. ಸೌಜನ್ಯಾಳ ಮುಖ ನೋಡಲು ಕಾಕಾನಿಗೆ ನಾಚಿಕೆ, ಅವಳಿಗೆ ಅವರ ಮೇಲೆ ಕೋಪ. ಆದರೂ ಕಾರು ಓಡಿಸುವವಳು ಅವಳೇ. ನಾನು ಸುಮ್ಮನೆ ಹಿಂದಿನ ಸೀಟಿನಲ್ಲಿ ಕೂತೆ. ವರನ ಮನೆ ನೋಡುವ ಅವಕಾಶವನ್ನು ನಾನು ಬಿಡುವವಳಲ್ಲ.

ಸ್ಟ್ಯಾನ್ಮೋರಿನ ಆ ಮನೆ ದೊಡ್ಡದು, ಮುಂದೆ ಎರಡು ಕಾರು, ಹಿಂದೆ ತೋಟ. ಟೇಬಲ್ಲಿನ ತುಂಬ ತಿಂಡಿ ಜೋಡಿಸಿದ್ದರು. ಮಂಡಕ್ಕಿ ಗಿರ್ಮಿಟ್ಟಿನ ಮೇಲೆ ಉದುರಿಸಿದ ಈರುಳ್ಳಿಯ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಸೌಜನ್ಯಾ ಬೆಳಗಿನಿಂದ ಏನೂ ತಿಂದಿರಲಿಲ್ಲ, ತಟ್ಟೆಗೆ ಕೈ ಚಾಚಿದಳು. ರತ್ನವ್ವ ಸೆರಗಿನ ಮರೆಯಲ್ಲಿ ಅವಳ ತೊಡೆ ಚಿವುಟಿದರು. ಸೊಸೆ ಕೈ ಹಿಂದೆಳೆದುಕೊಂಡಳು. ವರನ ತಾಯಿ ಎಷ್ಟು ಒತ್ತಾಯಿಸಿದರೂ ರತ್ನವ್ವ ಹೊಟ್ಟೆ ಸರಿಯಿಲ್ಲ ಎಂದರು, ಕಾಕಾ ಇವತ್ತು ಒಪ್ಪತ್ತು ಎಂದರು. ಇಬ್ಬರೂ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ.

ಆಮೇಲೆ ಕಾಕಾ ಎದ್ದರು. ಆ ಛಲೋ ಐತಿಯ ಕಾಕಾ ಇವರೇನಾ ಎಂದು ನಮಗೆ ಅನುಮಾನ ಬಂತು. ಮನೆ ನೋಡುವ ನೆಪದಲ್ಲಿ ಕೋಣೆ ಕೋಣೆ ಸುತ್ತಿದರು. ಗೋಡೆಯ ಮೂಲೆಯ ತೇವಕ್ಕೆ ಅಂಗೈ ಇಟ್ಟರು. ಅಡುಗೆಮನೆಯಲ್ಲಿ ವರನನ್ನು ನಿಲ್ಲಿಸಿ, ತಮಾಷೆಯ ದನಿಯಲ್ಲಿ, ತೊಗರಿಬೇಳೆಯ ಡಬ್ಬಿ ಒಂದು ತೆಗೆದು ತೋರಿಸಪ್ಪಾ ಎಂದರು. ಅಷ್ಟು ಹೇಳಿ ಕೈ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತರು. ಹುಡುಗ ಒಂದು ಬಾಗಿಲು ತೆಗೆದ, ಬಟ್ಟಲುಗಳಿದ್ದವು. ಇನ್ನೊಂದು ತೆಗೆದ, ಪೊರಕೆ ಇತ್ತು. ತಾಯಿ ಬಾಯಿ ತೆರೆಯುವಷ್ಟರಲ್ಲಿ ಕಾಕಾ ಬೆರಳೆತ್ತಿ ಸುಮ್ಮನಾಗಿಸಿದರು. ಹುಡುಗ ಬೆವರಿದ, ಆಮೇಲೆ ನಕ್ಕುಬಿಟ್ಟು, ನನಗೆ ಗೊತ್ತಿಲ್ಲ ಅಂಕಲ್ ಎಂದ. ಸೌಜನ್ಯಾ ಬಾಗಿಲಿಗೆ ಒರಗಿ ಇದನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ವಾಪಸು ಬರುವಾಗ ಕಾಕಾನ ಬಾಯಿಗೆ ಬಿಡುವಿರಲಿಲ್ಲ. ಗೋಡೆ ತೇವ, ತಂದೆಯ ಮಾತು ಜಾಸ್ತಿ, ತನ್ನ ಮನೆಯಲ್ಲಿ ಬೇಳೆ ಎಲ್ಲಿದೆ ಗೊತ್ತಿಲ್ಲದವನು ನಾಳೆ ಹುಡುಗಿ ಜ್ವರ ಬಂದು ಮಲಗಿದರೆ ಏನು ಬೇಯಿಸುತ್ತಾನೆ? ಗೊತ್ತಿಲ್ಲ ಎಂದು ಒಪ್ಪಿಕೊಂಡ, ನಕ್ಕ, ಅದೊಂದು ಒಳ್ಳೆಯ ಗುಣ ಎಂದೂ ಸೇರಿಸಿದರು. ರತ್ನವ್ವ ತಲೆಯಾಡಿಸುತ್ತಿದ್ದರು. ಹನಿಪಾಟ್ ಲೇನಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಸೌಜನ್ಯಾ ಮೊದಲ ಸಲ ಬಾಯಿ ತೆರೆದಳು. ಹಸಿದಿದ್ದಳು, ದನಿಯಲ್ಲಿ ಸಿಡುಕಿತ್ತು.

“ಅಷ್ಟ ಪ್ರೀತಿಲೆ ಮಾಡಿದ್ರು. ಒಂದ ತುತ್ತು ಯಾಕ ತಿನ್ನಲಿಲ್ರಿ ಕಾಕಾ?”

“ಮನಿ ನೋಡಾಕ ಹೋದಲ್ಲಿ ಮಾತ ಮುಗಿಯೂ ತನಕ ಉಣ್ಣಬಾರದವಾ. ಉಂಡ ಮನಿ ಜಂತಿ ಎಣಸಬಾರದು ಅಂತಾರಲ್ಲಾ. ಎಣಸೂದ ಇದ್ರ ಉಣ್ಣೂಕಿಂತ ಮೊದಲ ಎಣಸಬೇಕು.”

ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಗಾದೆ ಅದು. ಉಂಡವರ ಮನೆಯ ಮಾಡಿನ ಜಂತೆ ಎಷ್ಟಿವೆ, ಯಾವುದಕ್ಕೆ ಗೆದ್ದಲು ಹತ್ತಿದೆ ಎಂದು ತಲೆಯೆತ್ತಿ ನೋಡಬಾರದು, ಅನ್ನ ಹಾಕಿದವರ ಕುಂದು ಹುಡುಕಬಾರದು. ಸಣ್ಣವರಿದ್ದಾಗಿನಿಂದ ಕೇಳಿದ್ದೇವೆ. ಸಿಗ್ನಲ್ ಹಸಿರಾಯಿತು, ಕಾರು ಹೊರಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ಸೌಜನ್ಯಾ ಸ್ಟೀರಿಂಗ್ ಹಿಡಿದುಕೊಂಡು ನಗುತ್ತಿದ್ದಳು. ನಾನು ಹೆದರಿ ಅವಳ ಭುಜ ಅಲುಗಿಸಿದೆ.

“ವಿಜಯಕ್ಕಾ, ನಾನ ಅವರ ಬಾಯಿಗೆ ಹೋಳಿಗಿ ತುರುಕೀನಿ” ಎಂದಳು. “ಅವರು ಹೆಂಗ ಹೇಳ್ತಾರ?”

ಮರುವಾರ ಮತ್ತೆ ಭಾನುವಾರದ ಕರೆ ಹೋಯಿತು. ಈ ಸಲ ಮನೆಯಲ್ಲಿ ದೊಡ್ಡ ಜಗಳ. ಕರೆದವರಿಗೆ ಮೊದಲು ನೀರೂ ಕೊಡುವುದಿಲ್ಲ ಎಂದು ಸೊಸೆ ಹೇಳಿದ್ದಕ್ಕೆ ರತ್ನವ್ವ ನಿಜಕ್ಕೂ ನೊಂದರು. ಸಾಯುವ ಕಾಲಕ್ಕೆ ನನ್ನ ಮಾನ ಕಳೆಯುತ್ತೀಯಾ ಎಂದರು. ಸ್ಟ್ಯಾನ್ಮೋರಿನಲ್ಲಿ ನೀವೇ ನನ್ನ ತೊಡೆ ಚಿವುಟಿದಿರಲ್ಲ ಎಂದು ಸೌಜನ್ಯಾ ನೆನಪಿಸಿದಳು. ಅದು ಬೇರೆ, ಅದು ಸಂಬಂಧದ ಮಾತು ಎಂದು ಅತ್ತೆ. ಇದೂ ಸಂಬಂಧದ ಮಾತೇ ಎಂದು ಸೊಸೆ. ಕೊನೆಗೆ ಅತ್ತೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ರುದ್ರೇಶ ಇಬ್ಬರಿಗೂ ಹೌದು ಎಂದು ಹೇಳಿ ಡ್ಯೂಟಿಗೆ ಓಡಿದ.

ಬಂದವರು ಅಡುಗೆಮನೆಯ ಕಡೆ ಮೂಗೆತ್ತಿ ನೋಡಿದರು. ವಾಸನೆಯೇ ಇಲ್ಲ. ಸೌಜನ್ಯಾ ನಡುಮನೆಯಲ್ಲಿ ನಿಂತು ಹೇಳಿದಳು.

“ಒಲಿ ಹಚ್ಚಿಲ್ರಿ. ಈ ವೆಬ್‌ಸೈಟ್ ನನ್ನದು ಅನ್ನೂದ ಮರೀರಿ, ನೀವು ನೋಡಾಕ ಬಂದ ವರ ಅಂತ ತಿಳಕೋರಿ. ಇದಕ್ಕ ಮಗಳನ್ನ ಕೊಡ್ತೀರೋ ಇಲ್ಲೋ ಹೇಳ್ರಿ. ನಿಮ್ಮ ಮಾತು ಮುಗಿದ ಮ್ಯಾಲ ರೊಟ್ಟಿ ಬಡೀತೇನಿ.”

ಬಸವಂತಪ್ಪ ಕಾಕಾ ನಿಧಾನಕ್ಕೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಟಿಕೆಟ್ ತೋರಿಸಿ ಎನ್ನುವ ಮುಖ ಅದು. ಹಾಗಾದರೆ ಸರಿ ಎಂದರು.

ಈ ಸಲ ಸೌಜನ್ಯಾ ಹೇಗಿದೆ ಎಂದು ಕೇಳಲೇ ಇಲ್ಲ. ನಿಮ್ಮ ಮಾತ್ರೆ ತರಿಸಿ ಎಂದಷ್ಟೇ ಹೇಳಿ, ಕಾಕಾನ ಹಾಗೆಯೇ ಕೈ ಹಿಂದೆ ಕಟ್ಟಿ ನಿಂತಳು. ಪಾರ್ವತೆವ್ವ ಮೊದಲ ಪುಟದಲ್ಲೇ ನಿಂತುಬಿಟ್ಟರು. ಅದು ಹುಟ್ಟಿದ ತಾರೀಖು ಕೇಳುತ್ತಿತ್ತು. ಪಾರ್ವತೆವ್ವ ಹುಟ್ಟಿದ್ದು ಕಾರಹುಣ್ಣಿಮೆಯ ಮರುದಿನ. ಇಸವಿ ಅವರಿಗೆ ಗೊತ್ತಿಲ್ಲ. ಪಾಸ್‌ಪೋರ್ಟಿನ ತಾರೀಖು ಯಾರೋ ಮಾಸ್ತರು ಅಂದಾಜಿಗೆ ಬರೆದದ್ದು, ಅದು ಮಗನಿಗೆ ನೆನಪು, ಜಿಪಿ ಡಾಕ್ಟರ ಹತ್ತಿರ ಅವನೇ ಹೇಳುತ್ತಾನೆ. ಮೊದಲ ಸಲ ಸೌಜನ್ಯಾಳ ಬೆರಳು ತೋರಿಸಿದಲ್ಲಿ ಏನೋ ಒಂದು ಒತ್ತಿದ್ದರಂತೆ. ಶಾಂತಪ್ಪನವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೆ ಮಾತ್ರೆಗಳ ಹೆಸರಿನ ಪಟ್ಟಿ ನೋಡಿ ರೇಗಿದರು. ಅವರಿಗೆ ಗೊತ್ತಿರುವುದು ಬೆಳಗಿನ ಬಿಳಿಯದು, ರಾತ್ರಿಯ ಅರ್ಧ ಗುಲಾಬಿಯದು. ಹಸಿವು ಹೆಚ್ಚಿದಂತೆ ಬಾಯಿ ಬಿಚ್ಚುತ್ತ ಹೋಯಿತು. ಅಕ್ಷರ ಇರುವೆ ಸಾಲು, ತೂಕದ ಲೆಕ್ಕ ಕೇಳಲು ಇದು ಯಾರು, ದೀಪಾವಳಿಯ ಶುಭಾಶಯ ಕಂಪ್ಯೂಟರಿನಿಂದ ಯಾರಿಗೆ ಬೇಕು. ಒಂದು ಡಜನ್ನಿನಲ್ಲಿ ಹನ್ನೊಂದು ಬಿದ್ದುಹೋದವು. ಸೌಜನ್ಯಾ ಬೈಗುಳ ಕೇಳುತ್ತ ಕೇಳುತ್ತ ಅರಳುತ್ತಿದ್ದಳು. ನಾಲ್ಕು ವರ್ಷ ಫೋನಿನಲ್ಲಿ ಕೇಳಿದ್ದ ದನಿ ಇದೇ ಅಲ್ಲವೇ.

ಕಾಕಾ ಕೊನೆಗೆ ಕೂತರು. ಎಲ್ಲರಿಗಿಂತ ಬೇಗ, ಒಂದು ತಪ್ಪೂ ಇಲ್ಲದೆ, ಮಾತ್ರೆ ತರಿಸುವ ಕೊನೆಯ ಪುಟದವರೆಗೆ ಹೋದರು. ಅಲ್ಲಿ ಬೆರಳು ನಿಂತಿತು. ಒತ್ತಲಿಲ್ಲ.

“ನಂಗ ಇದು ಬರಂಗಿಲ್ಲ ಅಂತಲ್ಲವಾ. ನಾ ಒತ್ತಂಗಿಲ್ಲ. ಮಗಾ ಸೊಸಿ ಮುಂಜಾನೆ ಕೆಲಸಕ್ಕ ಹೋಗ್ತಾರ. ನಿಮ್ಮ ಕಾಕು ತೀರಿಹೋದ ಮ್ಯಾಲ ಮನ್ಯಾಗ ನಾ ಒಬ್ಬಾಂವನ. ಗುರುವಾರ ಆ ಲೈನ್‌ನ್ಯಾಗ ನಿಂತ್ರ ನಾಕ ಮಂದಿ ಮಾತಾಡಸ್ತಾರ. ಔಷಧ ರೆಡಿ ಆದಕೂಡಲೆ ಆ ಹುಡುಗಿ ನನ್ನ ಹೆಸರ ಹಿಡದ ಕರೀತಾಳ. ಅದನ್ನೂ ನೀ ಈ ಡಬ್ಬಿಯೊಳಗ ಹಾಕಿಬಿಟ್ರ ನಾ ಎಲ್ಲಿ ಹೋಗ್ಲಿ?”

ಸೌಜನ್ಯಾ ಅವರ ಪಕ್ಕ ನೆಲದ ಮೇಲೆ ಕೂತಳು. ಟೂತ್‌ಪೇಸ್ಟಿನ ಕಪಾಟಿನ ಮುಂದೆ ನಿಂತಿದ್ದ ಅವರನ್ನು ಸುಳ್ಳುಗಾರ ಎಂದು ಬೈದಿದ್ದೆನಲ್ಲ ಎಂದು ನಾನು ಸಂಕಟಪಟ್ಟೆ. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆದು ರತ್ನವ್ವ ಬಂದರು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಮಾತು ಮುಗಿತಿಲ್ಲೋ ಎಂದು ಸೊಸೆಯನ್ನು ಕೇಳಿ, ಉತ್ತರಕ್ಕೆ ಕಾಯದೆ ಒಲೆ ಹಚ್ಚಿದರು. ಆ ದಿನ ಕಾಕಾ ತಿಂದಷ್ಟು ರೊಟ್ಟಿಯನ್ನು ಯಾರೂ ತಿನ್ನಲಿಲ್ಲ.

ಎರಡನೇ ಯೋಜನೆಯನ್ನು ಅವಳು ನನ್ನ ಮುಂದೆ ಓದಿ ತೋರಿಸಿದಳು. ಮೊದಲನೆಯದಕ್ಕಿಂತ ತೀರ ಸಣ್ಣದು. ವೆಬ್‌ಸೈಟು ಹಿರಿಯರಿಗಲ್ಲ, ಆಫೀಸಿನಲ್ಲಿ ಕೂತು ಅಪ್ಪ ಅವ್ವನ ಮಾತ್ರೆಯ ಚಿಂತೆ ಮಾಡುವ ಮಕ್ಕಳು ಸೊಸೆಯಂದಿರಿಗೆ. ಅವರಿಗೂ ಒಂದೇ ಗುಂಡಿ ಸಾಕು, ಹೋದ ತಿಂಗಳಿನಂತೆಯೇ ಎಂದು. ಹುಟ್ಟಿದ ತಾರೀಖಿನ ಬದಲು ಹಳೆಯ ಡಬ್ಬಿಯ ಮೇಲಿನ ನಂಬರ್, ಮಾತ್ರೆಯ ಹೆಸರಿನ ಪಕ್ಕ ಅದರ ಚಿತ್ರ. ಉಳಿದದ್ದೆಲ್ಲ ಬೇಡ. ಔಷಧ ಮೊದಲೇ ಸಿದ್ಧವಾಗಿರುತ್ತದೆ, ತೆಗೆದುಕೊಂಡು ಹೋಗಲು ಹಿರಿಯರು ತಾವೇ ಬರುತ್ತಾರೆ, ಬರಲಿ. ಸಾಲಿನ ಜಾಗದಲ್ಲಿ ಕುರ್ಚಿ ಹಾಕಬೇಕು. ಹೆಸರು ಹಿಡಿದು ಕರೆಯುವುದನ್ನು ಮಾತ್ರ ನಿಲ್ಲಿಸಬಾರದು.

ಅಣ್ಣತಮ್ಮಂದಿರು ಸ್ಟ್ರಾಟ್‌ಫರ್ಡಿಗೆ ಬಂದ ದಿನದ ಕಥೆಯನ್ನು ಇಗ್ನೇಷಿಯಸ್ ಇವತ್ತಿಗೂ ಹೇಳುತ್ತಾರೆ. ಗಿರಾಕಿಗಳ ಮನಸ್ಸು ಕರಗಲಿ ಎಂದು ಅವರು ಸಮೋಸ, ಕೇಕು, ಬಾದಾಮಿ ಹಾಲು ತರಿಸಿದ್ದರು. ಸೌಜನ್ಯಾ ಅದಷ್ಟನ್ನೂ ಪಕ್ಕದ ಕೋಣೆಗೆ ಸಾಗಿಸಿ ಬಾಗಿಲು ಹಾಕಿದಳು. ತಿಂದರೆ ಅವರು ಇಲ್ಲಿ ತಲೆಯಾಡಿಸಿ ಮನೆಗೆ ಹೋಗಿ ಬೇಡ ಎನ್ನುತ್ತಾರೆ, ಇಲ್ಲೇ ಬೈಯಲಿ ಎಂದಳು. ಇಗ್ನೇಷಿಯಸ್ ಎದೆ ಹಿಡಿದುಕೊಂಡರು. ಊಟದ ಹೊತ್ತು ಮೀರಿತು. ಅಣ್ಣ ಒಂದೊಂದೇ ತಪ್ಪು ಎತ್ತಿದ. ನಾವು ನಿಮ್ಮ ಹತ್ತಿರ ವೆಬ್‌ಸೈಟ್ ಕೇಳಿದರೆ ನೀವು ಕುರ್ಚಿ ಕೊಳ್ಳಿ ಎನ್ನುತ್ತೀರಲ್ಲ ಎಂದು ಗುಡುಗಿದ. ಸೌಜನ್ಯಾ ಹೆದರಲಿಲ್ಲ ಎಂದರೆ ಸುಳ್ಳು. ಆದರೂ ಮಾತು ತಡವರಿಸಲಿಲ್ಲ. ನಿಮ್ಮ ಗಿರಾಕಿ ಔಷಧಕ್ಕೆ ಮಾತ್ರ ಬರುವುದಿಲ್ಲ, ನಾಲ್ಕು ಮಾತಿಗೂ ಬರುತ್ತಾರೆ, ಅದನ್ನು ನೀವು ಕಿತ್ತುಕೊಂಡರೆ ಅವರು ನಿಮ್ಮ ಕಂಪ್ಯೂಟರಿಗೆ ಹೋಗುವುದಿಲ್ಲ, ಮೊದಲಿನಂತೆ ಸಾಲಿನಲ್ಲೇ ನಿಲ್ಲುತ್ತಾರೆ, ಈ ತಿಂಗಳು ನೋಡಿದ್ದೀರಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಚರ್ಚೆ ಮತ್ತೂ ನಡೆಯಿತು. ಆರೋಗ್ಯದ ಕಿವಿಮಾತು ಇರಲೇಬೇಕು ಎಂದು ತಮ್ಮ ಹಟ ಹಿಡಿದ, ಅದೊಂದಕ್ಕೆ ಇವಳು ಒಪ್ಪಿದಳು. ಬೇಸಿಗೆಯವರೆಗೆ ಒಂದೇ ಅಂಗಡಿಯಲ್ಲಿ ನೋಡೋಣ ಎಂದು ಅಣ್ಣ ಎದ್ದು ಕೈ ಕುಲುಕಿದ, ಇನ್ನಾದರೂ ಏನಾದರೂ ತಿನ್ನಲು ಸಿಗುತ್ತದೆಯೇ ಎಂದು ಕೇಳಿದ. ಬಾಗಿಲು ತೆರೆಯಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಆಫೀಸುಗಳಿಂದ ಸೊಸೆಯಂದಿರು ಗುಂಡಿ ಒತ್ತುತ್ತಿದ್ದರು, ಅಂಗಡಿಯಲ್ಲಿ ಸಾಲು ಕರಗಿತ್ತು, ಅಣ್ಣತಮ್ಮಂದಿರು ಉಳಿದ ಅಂಗಡಿಗಳಿಗೂ ಕುರ್ಚಿ ಕೊಂಡಿದ್ದರು. ಸೌಜನ್ಯಾಳ ಫೋನಿನ ಕುರ್ಚಿಗೆ ಬೇರೊಬ್ಬಳು ಬಂದಳು. ಸ್ಟ್ಯಾನ್ಮೋರಿನ ಹುಡುಗನೂ ಗೊತ್ತಾದ. ಎರಡನೇ ಸಲ ಹೋದಾಗ ಅವನು ಬೇಳೆಯ ಡಬ್ಬಿಯನ್ನು ಬಾಗಿಲಲ್ಲೇ ಹಿಡಿದು ನಿಂತಿದ್ದ. ಅಂದು ನಾವು ಅಲ್ಲಿ ಹೊಟ್ಟೆ ತುಂಬ ಉಂಡು ಬಂದೆವು.

ಶರತ್ಕಾಲದ ಒಂದು ಗುರುವಾರ ಸೌಜನ್ಯಾ ತನ್ನ ಕೆಲಸ ಹೇಗೆ ನಡೆದಿದೆ ನೋಡಲು ನನ್ನನ್ನೂ ಕರೆದುಕೊಂಡು ಆ ಅಂಗಡಿಗೆ ಹೋದಳು. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಬಸವಂತಪ್ಪ ಕಾಕಾ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಎಡಕ್ಕೊಬ್ಬ ಐರಿಷ್ ಮುದುಕ, ಬಲಕ್ಕೆ ಪಾರ್ವತೆವ್ವ. ಅಂಗಡಿಯವರು ಮೂಲೆಯಲ್ಲಿ ಚಹಾದ ಕೆಟಲ್ ಬೇರೆ ಇಟ್ಟಿದ್ದರು, ಅದು ಸೌಜನ್ಯಾಳ ಯೋಜನೆಯಲ್ಲಿ ಇರಲಿಲ್ಲ. ಅವಳು ಕಾಕಾನ ಮುಂದೆ ಬಗ್ಗಿ ಕೇಳಿದಳು.

“ಈಗ ಖರೇ ಹೇಳ್ರಿ ಕಾಕಾ. ಹೆಂಗೈತಿ?”

ಕಾಕಾ ತಮ್ಮ ಕೈಯ ಕಾಗದದ ಲೋಟ ಎತ್ತಿ ತೋರಿಸಿದರು.

“ಈಗ ಕೇಳಬ್ಯಾಡವಾ. ಅವರ ಚಾ ಕುಡದೇನಿ.”

ಅಷ್ಟರಲ್ಲಿ ಕೌಂಟರಿನ ಹುಡುಗಿ ಮಿಸ್ಟರ್ ಬಸವಂತಪ್ಪ ಎಂದು ಕೂಗಿದಳು. ನಾನು ಏಳಿ ಕಾಕಾ ಎಂದು ಅವರ ತೋಳು ಹಿಡಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಇನ್ನೊಮ್ಮೆ ಕರೀಲಿ ತಡಿ ಎಂದು ಕೂತೇ ಇದ್ದರು.